ತೊಟ್ಟಿಲಲ್ಲಿ ಒದ್ದರೆ ಕುಡಿದ ಹಾಲು ಕರಗುತ್ತದೆಯೇ?

ಪ್ರಶ್ನೆ: ಮಗಳಿಗೆ ನಾಲ್ಕು ತಿಂಗಳು, ತೂಕ 6.2 ಕೆ.ಜಿ., ಎದೆಹಾಲು ಮಾತ್ರ. ಎಚ್ಚರವಿದ್ದಷ್ಟು ಹೊತ್ತೂ ಕೈಕಾಲು ಬಡಿಯುತ್ತಾಳೆ. ‘ಕುಡಿದದ್ದೆಲ್ಲ ಒದ್ದಾಟಕ್ಕೇ ಹೋಯಿತು, ಕಾಲು ನೇರ ಮಾಡಿ ಬಿಗಿಯಾಗಿ ಬಟ್ಟೆ ಸುತ್ತು’ ಎನ್ನುತ್ತಾರೆ ಅತ್ತೆ. ಈ ಆಟಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತದೆಂದು ಅಳೆಯಲು ಬರುತ್ತದೆಯೇ, ಡಾಕ್ಟರೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಬರುತ್ತದಮ್ಮಾ, ನನ್ನ ಸ್ಟೆತಾಸ್ಕೋಪಿನಿಂದಲ್ಲ ಅಷ್ಟೆ. ನಿಮ್ಮೂರಿನ ಮಂಡಕ್ಕಿ ಭಟ್ಟಿಗಳ ಹತ್ತಿರವೇ ಮೂವತ್ತು ವರ್ಷ ಕ್ಲಿನಿಕ್ ಇಟ್ಟಿದ್ದವನು ನಾನು. ಬೆಳಿಗ್ಗೆ ಬಾಗಿಲು ತೆಗೆಯುವಾಗ ಹೊಗೆ ನೋಡಿಯೇ ಎಷ್ಟು ಒಲೆ ಉರಿಯುತ್ತಿವೆ ಎಂದು ಹೇಳುತ್ತಿದ್ದೆ. ಮಗುವಿನ ಲೆಕ್ಕವೂ ಹೊಗೆಯದೇ. ಇಲ್ಲಿನ ಹೊಗೆ ಎಂದರೆ ಉಸಿರಿನಲ್ಲಿ ಹೋಗುವ ಇಂಗಾಲದ ಡೈಆಕ್ಸೈಡ್.

ತೂಗಿ ಅಳೆದ ಒಂದಿಷ್ಟು ವಿಶೇಷ ನೀರನ್ನು ಮಗುವಿಗೆ ಕುಡಿಸುತ್ತಾರೆ. ಅದರಲ್ಲಿ ಡ್ಯುಟೀರಿಯಂ ಎಂಬ ಭಾರದ ಹೈಡ್ರೋಜನ್ನೂ ಭಾರದ ಆಮ್ಲಜನಕವೂ ಇರುತ್ತವೆ. ವಿಕಿರಣವಿಲ್ಲ, ಹೆದರಬೇಡಿ. ಡ್ಯುಟೀರಿಯಂ ನೀರಾಗಿ ಮಾತ್ರ ಹೊರಬೀಳುತ್ತದೆ. ಆಮ್ಲಜನಕ ನೀರಿನ ಜೊತೆಗೂ ಹೋಗುತ್ತದೆ, ಹೊಗೆಯ ಜೊತೆಗೂ ಹೋಗುತ್ತದೆ. ವಾರವಿಡೀ ಲಂಗೋಟಿಯೊಳಗೆ ಹತ್ತಿ ಇಟ್ಟು, ಒದ್ದೆಯಾದಾಗ ಹಿಂಡಿ, ಆ ಮೂತ್ರದಲ್ಲಿ ಎರಡೂ ಎಷ್ಟೆಷ್ಟು ಬೇಗ ಕಡಿಮೆಯಾದವೆಂದು ನೋಡುತ್ತಾರೆ. ಆ ಅಂತರದಲ್ಲೇ ಹೊಗೆ ಸಿಕ್ಕಿಬೀಳುತ್ತದೆ. 1955ರಲ್ಲಿ ಇಲಿಗಳ ಮೇಲೆ ಪರೀಕ್ಷಿಸಿದ ಉಪಾಯವಿದು. ಮನುಷ್ಯರಿಗೆ ಬಂದದ್ದು 1982ರಲ್ಲಿ. ಭಾರದ ಆಮ್ಲಜನಕ ಬಲು ದುಬಾರಿ, ಹಾಗಾಗಿ ಇದು ಸಂಶೋಧಕರ ಸೊತ್ತು.

ಹೀಗೆ ಸಿಗುವುದು ಒಟ್ಟು ಖರ್ಚು. ಇಂಥ ಅಳತೆಗಳಿಂದ ಕಟ್ಟಿದ ಸೂತ್ರಗಳಿಗೆ ನಿಮ್ಮ ಮಗಳ ತೂಕ ಹಾಕಿದರೆ ದಿನಕ್ಕೆ 420ರಿಂದ 450 ಕಿಲೊಕ್ಯಾಲೊರಿ ಬರುತ್ತದೆ. ನಿದ್ದೆಯಲ್ಲಿರುವಾಗಿನ ಖರ್ಚನ್ನು, ಹಾಲು ಅರಗಿಸುವ ಖರ್ಚನ್ನು ಕಳೆದರೆ ಉಳಿದದ್ದು ಒದ್ದಾಟದ ಪಾಲು. ದೊಡ್ಡ ಪಾಲು ಮೆದುಳು, ಹೃದಯ, ಯಕೃತ್ತುಗಳು ಸುಮ್ಮನೆ ಕೆಲಸ ಮಾಡುತ್ತಿರುವುದಕ್ಕೇ ಹೋಗುತ್ತದೆ.

ಕಾಲಿಗೆ ಕಟ್ಟುವ, ಚಲನೆ ದಾಖಲಿಸುವ ಪುಟ್ಟ ಯಂತ್ರವೂ ಇದೆ. ಆದರೆ ಅಜ್ಜಿ ತೊಟ್ಟಿಲು ತೂಗಿದರೆ ಅದನ್ನೂ ಮಗುವಿನ ಆಟವೆಂದೇ ಬರೆದುಕೊಳ್ಳುತ್ತದೆ! ನಿಮ್ಮತ್ತೆಯವರ ಕೈಯ ಖರ್ಚು ಮೊಮ್ಮಗಳ ಖಾತೆಗೆ.

ಕಾಲು ನೇರ ಮಾಡಿ ಬಿಗಿಯಾಗಿ ಸುತ್ತುವುದು ಮಾತ್ರ ಬೇಡ, ಸೊಂಟದ ಕೀಲಿಗೆ ತೊಂದರೆ. ಬಟ್ಟೆ ಸುತ್ತಲೇಬೇಕೆಂದರೆ ಮೊಣಕಾಲು ಮಡಚಿ ತೊಡೆ ಅಗಲಿಸುವಷ್ಟು ಸಡಿಲವಿರಲಿ. ತಾಯಿ ಕಾರ್ಡಿನಲ್ಲಿ ತೂಕದ ಗೆರೆ ತಿಂಗಳು ತಿಂಗಳು ಮೇಲೇರುತ್ತಿದೆಯೇ? ಹಾಗಿದ್ದರೆ ಅದನ್ನೇ ಅತ್ತೆಯವರಿಗೆ ತೋರಿಸಿ. ಏರುವುದು ನಿಂತಿದ್ದರೆ ಹತ್ತಿರದ ಮಕ್ಕಳ ವೈದ್ಯರಿಗೆ ತೋರಿಸಿ.