ಪುಟಾಣಿ ಸಮುದ್ರ ಕುದುರೆಗೆ 20 ಲೀಟರ್ ಟ್ಯಾಂಕ್ ಸಾಕಾ?

ಪ್ರಶ್ನೆ: ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿ. ಎರಡು ವರ್ಷದಿಂದ ಗಪ್ಪಿ ಸಾಕಿದ್ದೇವೆ. ಈಗ ಮಗಳಿಗೆ ಪುಟ್ಟ ಸಮುದ್ರ ಕುದುರೆ ಬೇಕಂತೆ. ಗೋವಾ ಕಡೆಯಿಂದ ಜೋಡಿ ತಂದುಕೊಡ್ತೀನಿ, 20 ಲೀಟರ್ ಟ್ಯಾಂಕ್ ಸಾಕು ಅಂತಾರೆ ಅಂಗಡಿಯವರು. ತಗೊಳ್ಳಲಾ?

ಉತ್ತರ: ಬೇಡ್ರಿ. 2001ರಿಂದ ಸಮುದ್ರ ಕುದುರೆ ನಮ್ಮ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹುಲಿ ಇರುವ ಪಟ್ಟಿಯಲ್ಲೇ. ಹಿಡಿಯುವುದೂ ಮಾರುವುದೂ ಅಪರಾಧ. ಮೀನು ಮಾರುವವರಿಗೆ ಇದು ಗೊತ್ತಿಲ್ಲ ಅಂದರೆ ನಾನಂತೂ ನಂಬಲ್ಲ.

ಇನ್ನೊಂದು ಮಾತು. 20 ಲೀಟರಿನಲ್ಲಿ ಬದುಕುವ ಕುಳ್ಳ ಜಾತಿ ಇರುವುದು ನಿಜ, ಆದರೆ ಅದರ ಊರು ಫ್ಲೋರಿಡಾ, ಮೆಕ್ಸಿಕೋ ಕೊಲ್ಲಿಯ ಕಡೆ. ಪೂರ್ತಿ ಬೆಳೆದರೂ ಎರಡು, ಎರಡೂವರೆ ಸೆಂಟಿಮೀಟರ್ ಅಷ್ಟೇ. ಗೋವಾ ಕಡಲಲ್ಲಿ ಅದು ಸಿಗಲ್ಲ. ಹಾಗಾಗಿ ನಿಮಗೆ ಕೊಡುವುದು ದೊಡ್ಡ ಜಾತಿಯ ಮರಿ ಇರಬೇಕು. ಹೊರದೇಶದ್ದು ಅಂತ ಯಾರಾದರೂ ಹೇಳಿದರೆ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪ್ರಕಾರದ ಅನುಮತಿ ಕಾಗದ ಕೇಳಿ, ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ಒಂದು ರೂಪಾಯಿ ಮುಂಗಡವನ್ನೂ ಕೊಡಬೇಡಿ.

ಕಾನೂನು ಬಿಡಿ, ಸಾಕುವುದಾದರೂ ಹೇಗೆ? ಈ ಜೀವಿಗೆ ಜಠರವೇ ಇಲ್ಲ, ತಿಂದದ್ದು ಹಾಗೇ ಜಾರಿಹೋಗುತ್ತದೆ, ಅದಕ್ಕೇ ಕುಳ್ಳ ಜಾತಿಗೆ ದಿನಕ್ಕೆ ಎರಡು ಮೂರು ಸಲ ಆಗಷ್ಟೇ ಮೊಟ್ಟೆಯೊಡೆದ ಜೀವಂತ ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಮರಿ ಬೇಕು. ಒಣ ಆಹಾರ ಉದುರಿಸಿದರೆ ಮೂಸಿಯೂ ನೋಡಲ್ಲ. ಬೀಗರ ಮದುವೆ ಅಂತ ನೀವು ಎರಡು ದಿನ ಹೋದರೆ ಮುಗೀತು. ಮೇಲೆ ನಮ್ಮ ಏಪ್ರಿಲ್, ಮೇ ಬಿಸಿಲು! ನೀರು 26 ಡಿಗ್ರಿ ದಾಟಿದರೆ ಸಮುದ್ರ ಕುದುರೆಗೆ ಕಷ್ಟ. ನೀರು ತಂಪು ಮಾಡುವ ಚಿಲ್ಲರ್ ಇಟ್ಟರೂ ಕರೆಂಟು ಹೋದಾಗ ಏನು ಮಾಡ್ತೀರಿ? ಬೋರ್ ನೀರೂ ನಡೆಯಲ್ಲ, ಆರ್‌ಓ ನೀರಿಗೆ ಅಕ್ವೇರಿಯಂನ ಕಡಲುಪ್ಪು ಬೆರೆಸಬೇಕು.

ಮಗಳಿಗೆ ಸದ್ಯ ಆರ್ಟೀಮಿಯಾ ಮೊಟ್ಟೆಯ ಡಬ್ಬಿ ಕೊಡಿಸಿ. ಒಂದು ಲೀಟರ್ ನೀರಿಗೆ 25 ಗ್ರಾಂ ಅಯೋಡಿನ್ ಇಲ್ಲದ ಉಪ್ಪು, ಒಂದು ಚಿಟಿಕೆ ಮೊಟ್ಟೆ, ಏರ್ ಪಂಪಿನ ಗುಳ್ಳೆ, ಮೇಲೊಂದು ಬಲ್ಬು. ಒಂದು ದಿನ, ಒಂದೂವರೆ ದಿನದಲ್ಲಿ ಕಿತ್ತಳೆ ಬಣ್ಣದ ಚುಕ್ಕಿಗಳು ಈಜಾಡುತ್ತವೆ. ತೆಳು ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ತೊಳೆದು ಗಪ್ಪಿಗೆ ಹಾಕಲಿ, ಅವು ಹೇಗೆ ಮುಗಿಬೀಳುತ್ತವೆ ನೋಡಿ. ಒಂದು ತಿಂಗಳು ದಿನಾ ತಪ್ಪದೆ ಮಾಡಿದಳು ಅಂದರೆ ನನಗೆ ಮತ್ತೆ ಬರೆಯಿರಿ, ಕ್ಲೌನ್ ಅನ್ನುವ ಪುಟ್ಟ ಕಡಲ ಮೀನಿನ ಟ್ಯಾಂಕಿನ ಬಗ್ಗೆ ಮಾತಾಡೋಣ.