ನಿದ್ದೆ ಬರುತ್ತಿಲ್ಲ ಎಂದು ಬಂದವರು, ತೆಗೆಯದೇ ಇಟ್ಟ 14 ಬಿಲ್ಲುಗಳು

ಆಕೆ ಸಮಾಲೋಚನೆಗೆಂದು ನನ್ನ ಹತ್ತಿರ ಬಂದಾಗ ದುಡ್ಡಿನ ಮಾತೇ ಇರಲಿಲ್ಲ. ನಿದ್ದೆ ಬರುತ್ತಿಲ್ಲ, ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ, ಆಮೇಲೆ ಬೆಳಗಾಗುವವರೆಗೆ ಸುಮ್ನೆ ಸೂರು ನೋಡುತ್ತಾ ಮಲಗಿರುತ್ತೇನೆ ಎಂದರು. ನಲವತ್ತರ ಆಸುಪಾಸು ವಯಸ್ಸು, ಕೈಯಲ್ಲಿ ಕೆಲಸ, ಮನೆಯಲ್ಲಿ ಗಂಡ, ಮಕ್ಕಳು. (ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ.) ಮೂರನೇ ಭೇಟಿಯಲ್ಲಿ ಮಾತಿನ ನಡುವೆ ಅವರ ಫೋನು ಟಿಂಗ್ ಎಂದಿತು. ಅವರು ಅದನ್ನು ನೋಡಲಿಲ್ಲ. ಕೈ ಮಾತ್ರ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

"ಏನಾಯ್ತು?"

"ಬ್ಯಾಂಕಿನ ಮೆಸೇಜ್ ಇರಬೇಕು ಮೇಡಂ. ನಾನು ತೆಗೆಯಲ್ಲ."

ಎಷ್ಟು ದಿನದಿಂದ ತೆಗೆದಿಲ್ಲ ಎಂದು ಕೇಳಿದರೆ 14 ತಿಂಗಳು. ಕ್ರೆಡಿಟ್ ಕಾರ್ಡಿನ 14 ಬಿಲ್ಲುಗಳು ಬಂದು ಹಾಗೇ ಬಿದ್ದಿವೆ. ಕಟ್ಟಲೇಬೇಕಾದ ಮಿನಿಮಮ್ ಮೊತ್ತ ಖಾತೆಯಿಂದ ತಾನಾಗಿ ಕಟ್ ಆಗುತ್ತದೆ, ಹಾಗಾಗಿ ಯಾರೂ ಫೋನ್ ಮಾಡಿ ಬೈದಿಲ್ಲ. ಗಂಡನಿಗೆ ಗೊತ್ತಿಲ್ಲ. ಇನ್ನೊಂದು ವಿಷಯ ಕೇಳಿ: ಆಫೀಸಿನ ಚಿಲ್ಲರೆ ಖರ್ಚಿನ ಲೆಕ್ಕವನ್ನೆಲ್ಲ ಇಡುವವರು ಇವರೇ! ಅಲ್ಲಿ ಒಂದು ದಿನವೂ ಲೆಕ್ಕ ತಪ್ಪಿಲ್ಲ.

ಹಣದ ತೊಂದರೆ ಎಂದು ಬರುವವರಲ್ಲಿ ನಾನು ಜಾಸ್ತಿ ನೋಡುವುದು ಇದನ್ನೇ. ಕೂಡು ಕಳೆ ಎಲ್ಲರಿಗೂ ಬರುತ್ತದೆ, ನೋಡುವ ಧೈರ್ಯ ಇರುವುದಿಲ್ಲ. 2006ರಲ್ಲಿ ಡ್ಯಾನ್ ಗಲೈ ಮತ್ತು ಓರ್ಲಿ ಸಾಡೆ ಎಂಬ ಸಂಶೋಧಕರು ಹೂಡಿಕೆದಾರರ ಇಂಥ ನಡವಳಿಕೆಗೆ ಉಷ್ಟ್ರಪಕ್ಷಿಯ ಹೆಸರಿಟ್ಟರು. ಮಾರುಕಟ್ಟೆ ಬಿದ್ದಾಗ ಜನ ತಮ್ಮ ಖಾತೆ ತೆರೆದು ನೋಡುವುದೇ ಕಡಿಮೆಯಾಗುತ್ತದೆ ಎಂದು 2009ರಲ್ಲಿ ಬೇರೆ ಮೂವರು ಅಂಕಿ ಸಮೇತ ತೋರಿಸಿದರು. ಪಾಪ, ಉಷ್ಟ್ರಪಕ್ಷಿ ನಿಜಕ್ಕೂ ಮರಳಲ್ಲಿ ತಲೆ ಹುಗಿಯುವುದಿಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವ ನಮ್ಮ ಬೆಕ್ಕೇ ಈ ಹೆಸರಿಗೆ ಸರಿಯಾಗಿತ್ತು.

ಅವತ್ತು ಒಂದು ಪ್ರಶ್ನೆಯನ್ನು ನೇರವಾಗಿ ಕೇಳಿದೆ: "ಈ ಸಾಲದಿಂದ ಸಾಯಬೇಕು ಅಂತ ಯಾವಾಗಲಾದರೂ ಅನಿಸಿದೆಯಾ?" ಇಲ್ಲ ಎಂದರು. ಸಾಲ ಮುಚ್ಚಿಟ್ಟಿರುವ ಯಾರೇ ಬಂದರೂ ನಾನು ಇದನ್ನು ಕೇಳದೆ ಬಿಡುವುದಿಲ್ಲ. ಹೌದು ಎಂದಿದ್ದರೆ ಲೆಕ್ಕವೆಲ್ಲ ಪಕ್ಕಕ್ಕಿಟ್ಟು ಮೊದಲು ಅದನ್ನೇ ನೋಡಬೇಕಾಗುತ್ತಿತ್ತು.

ಆಮೇಲೆ ನಾನೊಂದು ತಪ್ಪು ಮಾಡಿದೆ. ಒಂದು ತಿಂಗಳ ಖರ್ಚನ್ನೆಲ್ಲ ಬರೆದುಕೊಂಡು ಬನ್ನಿ ಎಂದೆ. ಎಲ್ಲರೂ ಕೊಡುವ ಸಲಹೆ, ಅಲ್ವಾ? ಅವರು ಆಫೀಸಿನ ಅಭ್ಯಾಸದಂತೆ 23 ಕಾಲಂ ಹಾಕಿದ ಶೀಟ್ ಮಾಡಿಕೊಂಡು, ಒಂಬತ್ತು ದಿನ ತುಂಬಿಸಿ, ಹತ್ತನೇ ದಿನ ಬಿಟ್ಟು, ನನಗೆ ಮುಖ ತೋರಿಸಲಾಗದೆ ಎರಡು ಭೇಟಿ ತಪ್ಪಿಸಿಕೊಂಡರು. ಮೊದಲೇ ನಾಚಿಕೆಯಿಂದ ಕುಗ್ಗಿದ್ದವರಿಗೆ ನಾನು ನಾಚಿಕೆಪಡಲು ಇನ್ನೊಂದು ಕಾರಣ ಕೊಟ್ಟಿದ್ದೆ. ಅದನ್ನು ಅವರ ಮುಂದೆಯೇ ಒಪ್ಪಿಕೊಂಡೆ.

ಎರಡನೇ ಸಲ ಕೆಲಸ ಚಿಕ್ಕದು ಮಾಡಿದೆವು. ನನ್ನ ಕೋಣೆಯಲ್ಲೇ, ನಾನು ಪಕ್ಕದಲ್ಲಿ ಕೂತಿರುವಾಗಲೇ, ಕೊನೆಯ ಬಿಲ್ ಒಂದನ್ನು ಮಾತ್ರ ತೆರೆಯುವುದು. ನಾಲ್ಕೇ ಅಂಕಿ ಕಾಗದಕ್ಕೆ ಇಳಿಸುವುದು: ಒಟ್ಟು ಬಾಕಿ, ಮಿನಿಮಮ್, ಕೊನೇ ದಿನಾಂಕ, ಬಡ್ಡಿ ದರ. ಏನೂ ತೀರ್ಮಾನ ಮಾಡುವ ಹಾಗಿಲ್ಲ. ಬರೆದಾದ ಮೇಲೆ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾನು ಇದರ ಎರಡು ಪಟ್ಟು ಇರಬಹುದು ಅಂದುಕೊಂಡಿದ್ದೆ" ಎಂದರು. ಎಲ್ಲರಿಗೂ ಹೀಗೇ ಆಗುತ್ತದೆ ಎಂದು ಹೇಳಲಾರೆ, ಕೆಲವರಿಗೆ ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಇರುತ್ತದೆ. ಆದರೆ ಎಷ್ಟೇ ಇರಲಿ, ಅಂಕಿ ಗೊತ್ತಾದ ಮೇಲೆ ಭಯಕ್ಕೂ ಒಂದು ಅಳತೆ ಸಿಗುತ್ತದೆ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಅಂತ ಇವರಿಗೆ ಚಿಕ್ಕಂದಿನಿಂದ ಹೇಳಿದವರು ಬೇಕಾದಷ್ಟು ಜನ, ಹಾಸಿಗೆಯನ್ನು ಅಳೆಯುವುದು ಹೇಗೆ ಎಂದು ಒಬ್ಬರೂ ಹೇಳಿಕೊಟ್ಟಿರಲಿಲ್ಲ. ಆ ಮನೆಯಲ್ಲಿ ದುಡ್ಡಿನ ಮಾತು ಬರುತ್ತಿದ್ದದ್ದೇ ಅಪ್ಪ ಅಮ್ಮ ಜಗಳ ಆಡುವಾಗ. ಕೇಳಲು ಹೋದರೆ "ನಿನಗ್ಯಾಕೆ ಇದೆಲ್ಲ, ಹೋಗು ಓದ್ಕೋ."

ಈಗ ಲೆಕ್ಕ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಅವರ ಮುಖ ಬದಲಾದದ್ದು ಇಲ್ಲೇ.

ಬಾಕಿ 100 ಎಂದುಕೊಳ್ಳಿ. ಬಡ್ಡಿ ತಿಂಗಳಿಗೆ ಶೇ 3, ಮಿನಿಮಮ್ ಎಂದರೆ ಬಿಲ್ಲಿನ ಶೇ 5. ತಿಂಗಳಿಗೆ 3 ಅಂದರೆ ವರ್ಷಕ್ಕೆ 36 ತಾನೇ ಎಂದು ಅನಿಸುತ್ತದೆ. ಬಡ್ಡಿಯ ಮೇಲೂ ಬಡ್ಡಿ ಬೀಳುವುದರಿಂದ ಒಂದು ವರ್ಷ ಏನೂ ಕಟ್ಟದಿದ್ದರೆ ಅದು ಶೇ 42 ದಾಟುತ್ತದೆ. ಇರಲಿ. ಮೊದಲ ತಿಂಗಳು ಬಡ್ಡಿ ಸೇರಿ 103 ಆಯಿತು. ಮಿನಿಮಮ್ 5.15 ಕಟ್ಟಿದಿರಿ, ಉಳಿದದ್ದು 97.85. ಮುಂದಿನ ತಿಂಗಳು ಬಾಕಿ ಇಳಿದ ಹಾಗೆ ಮಿನಿಮಮ್ಮೂ ಒಂಚೂರು ಇಳಿಯುತ್ತದೆ. ಅದರ ಮುಂದಿನ ತಿಂಗಳು ಇನ್ನೊಂಚೂರು. ಉಪಕಾರ ಮಾಡಿದ ಹಾಗೆ ಕಾಣುತ್ತದೆ. ಹೊಸ ಖರ್ಚು ಒಂದೂ ಹಾಕದೆ 30 ತಿಂಗಳು ಹೀಗೇ ಕಟ್ಟುತ್ತಾ ಹೋದರೂ ಕೊನೆಗೆ 52 ಬಾಕಿ ಇರುತ್ತದೆ. ಎರಡೂವರೆ ವರ್ಷ ಕಟ್ಟಿ ಅರ್ಧವೂ ತೀರಿಲ್ಲ!

ಈಗ ಒಂದೇ ಒಂದು ಬದಲಾವಣೆ. ಮಿನಿಮಮ್ ಎಷ್ಟಾದರೂ ಇಳಿಯಲಿ, ನೀವು ಮೊದಲ ತಿಂಗಳು ಕಟ್ಟಿದ ಆ 5.15 ಅನ್ನೇ ಇಳಿಸದೆ ಪ್ರತಿ ತಿಂಗಳೂ ಕಟ್ಟಿ. ಅದೇ 30 ತಿಂಗಳಿಗೆ ಸಾಲ ಪೂರ್ತಿ ತೀರುತ್ತದೆ.

ಆಕೆ ನನ್ನನ್ನು ನಂಬಲಿಲ್ಲ. ಒಳ್ಳೆಯದೇ ಆಯಿತು. ಮನೆಗೆ ಹೋಗಿ 30 ಸಾಲು ತಾವೇ ಲೆಕ್ಕ ಹಾಕಿಕೊಂಡು ಬಂದರು. 14 ತಿಂಗಳು ಬಿಲ್ ತೆಗೆಯದವರು!

ಅವರಿಗೆ ಕೊಟ್ಟ ಸಲಹೆ ಇಷ್ಟು. ಖಾತೆಯಿಂದ ತಾನಾಗಿ ಹೋಗುವ ಮೊತ್ತವನ್ನು ಮಿನಿಮಮ್‌ನಿಂದ ಬದಲಿಸಿ ಒಂದು ನಿಗದಿ ಮೊತ್ತಕ್ಕೆ ಇಡಿ. ಕಾರ್ಡನ್ನು ಪರ್ಸಿನಿಂದ ತೆಗೆದು ಬೀರುವಿನಲ್ಲಿಡಿ, ಏಕೆಂದರೆ ಹಳೇ ಬಾಕಿ ಇರುವಾಗ ಹೊಸದಾಗಿ ಕೊಂಡದ್ದಕ್ಕೆ ಸಾಮಾನ್ಯವಾಗಿ ಕೊಂಡ ದಿನದಿಂದಲೇ ಬಡ್ಡಿ ಶುರುವಾಗುತ್ತದೆ, ಬಡ್ಡಿಯಿಲ್ಲದ ದಿನಗಳು ಎನ್ನುವುದು ಆಗ ಇರುವುದಿಲ್ಲ. (ಇದು ಅವರಿಗೂ ಗೊತ್ತಿರಲಿಲ್ಲ.) ಕಾರ್ಡ್ ಕೊಟ್ಟವರಿಗೆ ಫೋನ್ ಮಾಡಿ, ಬಾಕಿಯನ್ನು ಕಡಿಮೆ ಬಡ್ಡಿಯ ಕಂತಿಗೆ ಬದಲಿಸುತ್ತೀರಾ ಎಂದು ಕೇಳಿ. ಹೂಂ ಎಂದರೆ, ಕೊನೆಗೆ ಒಟ್ಟು ಎಷ್ಟು ಕಟ್ಟಿರುತ್ತೇನೆ, ಮಧ್ಯೆ ಬೇರೆ ಶುಲ್ಕ ಇದೆಯಾ ಎಂದು ಕೇಳದೆ ಒಪ್ಪಬೇಡಿ. 23 ಕಾಲಂ ಬೇಡ, ಮೂರು ಸಾಕು: ಬಂದದ್ದು, ಕಟ್ಟಲೇಬೇಕಾದದ್ದು, ಉಳಿದದ್ದು. ವಾರಕ್ಕೊಮ್ಮೆ ಹದಿನೈದು ನಿಮಿಷ, ಬೆಳಗ್ಗೆ, ಗಡಿಯಾರ ಇಟ್ಟುಕೊಂಡು. ಸಮಯ ಮುಗಿದರೆ ಅರ್ಧದಲ್ಲೇ ಎದ್ದುಬಿಡಿ. ರಾತ್ರಿ ಮಾತ್ರ ಲೆಕ್ಕ ನೋಡಬೇಡಿ.

ಇದರ ಜೊತೆಗೆ ಪ್ರತಿ ತಿಂಗಳೂ ಚೂರುಪಾರು ಎತ್ತಿಡಿ ಎಂದೆ. ಬರೀ ಲೆಕ್ಕ ನೋಡುವವರು ಇದಕ್ಕೆ ನನ್ನನ್ನು ಬೈಯುತ್ತಾರೆ, ತಿಂಗಳಿಗೆ ಶೇ 3 ಬಡ್ಡಿಯ ಸಾಲ ಇಟ್ಟುಕೊಂಡು ಉಳಿತಾಯ ಎಂಥದ್ದು ಅಂತ. ಲೆಕ್ಕ ಅವರದ್ದೇ ಸರಿ. ಆದರೆ ಕೈಯಲ್ಲಿ ಏನೂ ಇಲ್ಲದವರ ಮನೆಯಲ್ಲಿ ಏನೋ ಒಂದು ಕೆಟ್ಟು ರಿಪೇರಿಗೆ ಬಂದಾಗ ಬೀರುವಿನ ಕಾರ್ಡು ಆಚೆ ಬರುತ್ತದೆ, ಆಮೇಲೆ "ನನ್ನಿಂದ ಆಗಲ್ಲ" ಎಂಬ ಮಾತೂ ಬರುತ್ತದೆ. ಒಂದು ರಿಪೇರಿಗೆ ಆಗುವಷ್ಟು ಕೂಡಿದ ಮೇಲೆ ಮಿಕ್ಕಿದ್ದೆಲ್ಲ ಸಾಲಕ್ಕೆ ಹೋಗಲಿ. ಮೂರರಿಂದ ಆರು ತಿಂಗಳ ಖರ್ಚು ಕೈಯಲ್ಲಿರಬೇಕು ಎನ್ನುವ ದೊಡ್ಡ ಗುರಿ ಸಾಲ ತೀರಿದ ಮೇಲಿನ ಮಾತು.

ಉಳಿದದ್ದು ಗಂಡನಿಗೆ ಹೇಳುವುದು. "ನಮ್ಮ ಮನೆಯವರು ಜೋರಿಲ್ಲ ಮೇಡಂ, ಆದರೆ..." ಎಂದು ಎರಡು ಭೇಟಿ ಕಳೆದರು. ಮೊದಲು ಕಾರಣಗಳನ್ನೆಲ್ಲ ಹೇಳಿ, ಕೊನೆಗೆ ಮೆಲ್ಲಗೆ ಮೊತ್ತ ಹೇಳುವುದು ಅವರ ಯೋಜನೆ. ನಾನು ತಿರುಗಿಸಿ ಹೇಳಿದೆ: ಮೊದಲು ಅಂಕಿ, ಆಮೇಲೆ ಕಥೆ. ಕೇಳುವವರು ಕಥೆಯುದ್ದಕ್ಕೂ ಮನಸ್ಸಿನಲ್ಲೇ ಮೊತ್ತ ಬೆಳೆಸುತ್ತಾ ಹೋಗುತ್ತಾರೆ. 30 ತಿಂಗಳ ಆ ಹಾಳೆಯನ್ನೂ ಜೊತೆಗೆ ಇಟ್ಟುಕೊಳ್ಳಿ ಎಂದೆ. ಗಂಡ ಎರಡು ದಿನ ಮಾತಾಡಲಿಲ್ಲವಂತೆ. ಸಾಲಕ್ಕಿಂತ ಮುಚ್ಚಿಟ್ಟಿದ್ದು ಅವರಿಗೆ ಜಾಸ್ತಿ ನೋವಾಗಿತ್ತು. ಅದು ನ್ಯಾಯವೇ. ಮುಂದಿನ ಭೇಟಿಗೆ ಇಬ್ಬರೂ ಬಂದರು. ಆ ಒಂದು ಗಂಟೆಯಲ್ಲಿ ನಾವು ದುಡ್ಡಿನ ಮಾತು ಆಡಿದ್ದು ಬಹಳ ಕಡಿಮೆ.

ಹನ್ನೊಂದನೇ ಕಂತು ಕಟ್ಟಿದ ಮೇಲೆ ಆಕೆ ಒಂದು ಸಲ ಬಂದಿದ್ದರು. 100 ಇದ್ದದ್ದು 72ಕ್ಕೆ ಇಳಿದಿತ್ತು.

"ಇಷ್ಟು ಕಟ್ಟಿದ್ದೀನಿ, 28 ಮಾತ್ರನಾ?"

ಮೊದಲ ತಿಂಗಳ 5.15ರಲ್ಲಿ 3 ಬಡ್ಡಿಗೇ ಹೋಗಿತ್ತು, ಅಸಲಿಗೆ ಸಿಕ್ಕಿದ್ದು ಎರಡು ಚಿಲ್ಲರೆ. ಈಗ ಬಡ್ಡಿಗೆ ಹೋಗುವುದು ಎರಡು ಚಿಲ್ಲರೆ, ಅಸಲಿಗೆ ಸುಮಾರು 3. ಅದನ್ನು ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದೆ. ಹಾಳೆ ಅವರದ್ದೇ, ಮಡಚಿ ಮಡಚಿ ಮೂಲೆ ಹರಿದಿತ್ತು. ನಿದ್ದೆ ಹೇಗಿದೆ ಎಂದು ಕೇಳಿದೆ. ಮೂರಕ್ಕೆ ಈಗಲೂ ಒಮ್ಮೊಮ್ಮೆ ಎಚ್ಚರವಾಗುತ್ತದಂತೆ. ಎದ್ದು ನೀರು ಕುಡಿದು ಮತ್ತೆ ಮಲಗುತ್ತಾರಂತೆ.