ಗೈಡ್ ಸರ್ ಹೆಸರು ಬಂದಾಗ ಕುರ್ಚಿ ಬಿಟ್ಟೇಳಿ

ಧಾರವಾಡದಿಂದ ಬಂದಿರುವ ನಾಲ್ಕು ಪುಟದ ಪತ್ರ. ಬರೆದವರು ಸಹಾಯಕ ಪ್ರಾಧ್ಯಾಪಕಿ. ವಿಶ್ವವಿದ್ಯಾಲಯದ ಅಧ್ಯಾಪಕರಲ್ಲೊಬ್ಬರನ್ನು ಆರಿಸಿ, ವರ್ಷಕ್ಕೊಮ್ಮೆ ಊರ ಜನರೆದುರು ದತ್ತಿ ಉಪನ್ಯಾಸ ಕೊಡಿಸುವ ಐವರ ಸಮಿತಿಯಲ್ಲಿ ಇವರೂ ಇದ್ದಾರೆ. ಕೊನೆಗೆ ಉಳಿದಿರುವುದು ಎರಡು ಹೆಸರು: ಜೂನ್‌ನಲ್ಲಿ ನಿವೃತ್ತರಾಗುವ ಇವರ ಪಿಎಚ್‌.ಡಿ. ಗೈಡ್, ಮತ್ತು ಮಣ್ಣು ವಿಜ್ಞಾನದ ಕಿರಿಯ ಅಧ್ಯಾಪಕ. ‘ಸರ್‌ಗೆ ಮತ ಹಾಕದಿದ್ದರ ಗುರುದ್ರೋಹ, ಹಾಕಾಕ ಮನಸ್ಸು ಒಪ್ಪವಲ್ದು. ಏನ್ ಮಾಡ್ಲಿ?’

ಮೇಡಂ, ಪತ್ರದ ಮೂರನೆಯ ಪುಟದ ಅಡಿಯಲ್ಲಿ ಕಂಸ ಹಾಕಿ ಒಂದು ಸಾಲು ಬರೆದಿದ್ದೀರಿ: ಸರ್ ಹೇಳಿದ್ದಕ್ಕೆ ಅವರ ಬಯೋಡೇಟಾ, ಶಿಫಾರಸು ಪತ್ರ ಎರಡನ್ನೂ ನೀವೇ ಟೈಪ್ ಮಾಡಿಕೊಟ್ಟಿರಿ, ಸಹಿ ಮಾತ್ರ ಬೇರೆಯವರದು. ಉಳಿದ ಮೂರೂಮುಕ್ಕಾಲು ಪುಟ ಪಕ್ಕಕ್ಕಿಡಿ. ಶಿಫಾರಸು ಬರೆದ ಕೈ ಅಂಕಪಟ್ಟಿ ಮುಟ್ಟುವಂತಿಲ್ಲ. ಯಾರಿಗೆ ಮತ ಹಾಕಲಿ ಎಂಬ ಪ್ರಶ್ನೆ ಅಲ್ಲಿಗೇ ಬಿತ್ತು.

ಗೈಡ್ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಹೋಗುವ ವರ್ಷ ಒಂದು ಗೌರವ ಬಯಸಿದ್ದಾರೆ, ಬಯಸಲಿ. ಸಿಟ್ಟು ಬರುವುದು ನಿಮ್ಮ ಅಧ್ಯಕ್ಷರ ಮೇಲೆ. ನೀವು ಯಾರ ವಿದ್ಯಾರ್ಥಿನಿ ಎಂದು ಗೊತ್ತಿದ್ದೂ ಕೂಡಿಸಿಕೊಂಡರು. ಅರ್ಜಿ ಬಿಚ್ಚುವ ಮೊದಲೇ ‘ಈ ಸಲ ಅವರ ಪಾಳಿ, ಹೆಂಗೂ ರಿಟೈರ್ ಆಗ್ತಾರ’ ಅಂದರು. ಮೊದಲ ಸಭೆಯ ಮೊದಲ ಕೆಲಸ ಬೇರೆ ಇತ್ತು: ಯಾರು ಯಾರ ಶಿಷ್ಯರು, ಯಾರು ಯಾರ ಜೊತೆ ಪ್ರಬಂಧ ಬರೆದಿದ್ದಾರೆ, ಯಾರಿಗೆ ಯಾರು ನೆಂಟರು ಎಂದು ಪ್ರತಿ ಸದಸ್ಯರಿಂದ ಬರಹದಲ್ಲಿ ತಗೊಳ್ಳುವುದು. ಸಮಿತಿಯಲ್ಲಿ ಬಾಯಿಮಾತು ನಡೆಯಬಾರದೆಂದು ಈ ಅಂಕಣದಲ್ಲಿ ಬರೆದು ಬರೆದು ಸಾಕಾಗಿದೆ. ನಿವೃತ್ತಿಗೆ ಶಾಲು, ಹಣ್ಣಿನ ಬುಟ್ಟಿ ಕೊಡಲು ವಿಭಾಗವಿದೆ, ದತ್ತಿ ಹಣ ಯಾಕೆ?

1890ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘದಲ್ಲಿ ದತ್ತಿ ಉಪನ್ಯಾಸ ಕೇಳಿ ಕೇಳಿ ಪಳಗಿದ ಊರು ನಿಮ್ಮದು. 45 ನಿಮಿಷಕ್ಕೆ 60 ಸ್ಲೈಡ್ ತಂದವರ ಮುಂದೆ ಆ ಜನ ಕಾಲುಗಂಟೆಯಲ್ಲಿ ಚಪ್ಪಲಿ ಹುಡುಕುತ್ತಾರೆ. ಪ್ರಬಂಧಗಳ ಪಟ್ಟಿ ನೋಡಿ ಆರಿಸಿದಾಗ ಆಗುವುದೇ ಇದು. ಪಟ್ಟಿಯಲ್ಲಿ ವಿದ್ವತ್ತು ಕಾಣುತ್ತದೆ, ಹೊರಗಿನವರಿಗೆ ತಿಳಿಸುವ ಶಕ್ತಿ ಕಾಣುವುದಿಲ್ಲ. ಅದಕ್ಕೆ ಸಮಿತಿ ಇಬ್ಬರಿಂದಲೂ 300 ಪದದ ಕನ್ನಡ ಸಾರಾಂಶ, ಜನರೆದುರು ಮಾತಾಡಿದ ಹತ್ತು ನಿಮಿಷದ ರೆಕಾರ್ಡಿಂಗ್ ತರಿಸಿಕೊಳ್ಳಬೇಕು. ಅಂಕಗಳನ್ನು ಚರ್ಚೆಗೆ ಮೊದಲೇ, ಪ್ರತಿಯೊಬ್ಬರೂ ಬೇರೆ ಬೇರೆ ಹಾಕಿ ಲಕೋಟೆಗೆ ಸೇರಿಸಬೇಕು. ಇಲ್ಲದಿದ್ದರೆ ಮೊದಲು ಮಾತಾಡಿದ ಹಿರಿಯರ ಅಂಕವೇ ಎಲ್ಲರ ಅಂಕ.

ಆ ಕಿರಿಯ ಅಧ್ಯಾಪಕ ನವಲಗುಂದದಲ್ಲಿ ಒಣ ಎರಿ (ಕಪ್ಪು ಮಣ್ಣು) ಹೆಂಟೆಯನ್ನು ಗಾಜಿನ ಲೋಟದ ನೀರಿಗೆ ಬಿಟ್ಟು, ಅದು ಉಬ್ಬಿ ಉದುರುವುದನ್ನು ತೋರಿಸಿದ್ದರಂತೆ. ಎರಿಯಲ್ಲಿರುವ ಸ್ಮೆಕ್ಟೈಟ್ ಎಂಬ ಜೇಡಿಯ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಹೊಲ ಬಿರಿಯುತ್ತದೆ, ಎರಿ ಮೇಲೆ ಕಟ್ಟಿದ ಮನೆಯ ಗೋಡೆಯೂ ಬಿರಿಯುತ್ತದೆ. ಸಾರ್ವಜನಿಕ ಉಪನ್ಯಾಸಕ್ಕೆ ಬೇಕಾದ ಗುಣ ಇದೇ. ಹಾಗಂತ ಅವರ ಪರ ವಕೀಲಿಕೆ ಮಾಡಲಿಕ್ಕೂ ನಿಮಗೆ ಹಕ್ಕಿಲ್ಲ.

ಮಾಡಬೇಕಾದದ್ದು ಒಂದೇ. ಮುಂದಿನ ಸಭೆಗೆ ಮೊದಲು ಅಧ್ಯಕ್ಷರಿಗೆ ಬರೆಯಿರಿ: ‘ಅಭ್ಯರ್ಥಿಯೊಬ್ಬರು ನನ್ನ ಸಂಶೋಧನಾ ಮಾರ್ಗದರ್ಶಕರು. ಅವರ ಶಿಫಾರಸು ಪತ್ರ ಸಿದ್ಧಪಡಿಸಿದವಳು ನಾನು. ಈ ಆಯ್ಕೆಯಿಂದ ಹಿಂದೆ ಸರಿಯುತ್ತೇನೆ.’ ಎರಡನೆಯ ವಾಕ್ಯ ಬಿಡಬೇಡಿ, ಬಿಡಬೇಕೆನಿಸುವುದು ಅದನ್ನೇ. ಒಂದು ನಕಲು ಕುಲಸಚಿವರಿಗೆ ಹೋಗಲಿ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಸಭೆಯಲ್ಲಿ ಸುಮ್ಮನೆ ಕೂತು ಮತ ಹಾಕದಿದ್ದರೆ ಸಾಲದು, ನಾಲ್ವರೂ ನಿಮ್ಮ ಮುಖ ನೋಡಿಯೇ ಅಂಕ ಹಾಕುತ್ತಾರೆ. ಹೊರಗೆ ಬನ್ನಿ, ಬಂದದ್ದು ನಡಾವಳಿಯಲ್ಲಿ ದಾಖಲಾಗಲಿ. ನಾಲ್ವರಲ್ಲಿ ಮತ ಎರಡೆರಡಾದರೆ ಬಾಯಿ ಬಿಟ್ಟ ಅಧ್ಯಕ್ಷರ ಕೈಗೇ ತೀರ್ಮಾನ ಹೋದೀತು. ಹಿಂದಿನ ವರ್ಷ ಉಪನ್ಯಾಸ ಕೊಟ್ಟವರೊಬ್ಬರನ್ನು ನಿಮ್ಮ ಜಾಗಕ್ಕೆ ತುಂಬಿರೆಂದು ಅದೇ ಪತ್ರದಲ್ಲಿ ಕೇಳಿ.

ಸರ್ ಕೇಳಿದರೆ ಪತ್ರದ ನಕಲು ತೋರಿಸಿ.